ಇಲಿ ಬಂದರೆ ಹುಲಿ ಬಂತು ಅನ್ನುವವರು: ಹೆದರಿಕೆ, ಪ್ರಚಾರ ಮತ್ತು ಅಧಿಕಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ ತಾಲ್ಲೂಕಿನ ನಮ್ಮ ಸಣ್ಣ ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ ಹತ್ತು ಹದಿನೈದು ಜನ ಕೂತು ಮಾತಾಡುತ್ತೇವೆ. ಒಂದು ಸಲ ಅಡಿಕೆ ರೇಟು, ಒಂದು ಸಲ ಇತಿಹಾಸ, ಒಂದು ಸಲ ಸುಮ್ನೆ ಹರಟೆ. ಕಳೆದ ವರ್ಷ ಚುನಾವಣೆ ಭಾಷಣಗಳ ಬಗ್ಗೆ ಮಾತು ಬಂತು. ಅಲ್ಲಿಂದ ಶುರುವಾದದ್ದು ನಾಲ್ಕು ಭಾನುವಾರ ನುಂಗಿತು. ನಾಯಕರು ಜನರನ್ನು ಹೆದರಿಸಿ ಹೇಗೆ ಹಿಡಿತದಲ್ಲಿ ಇಟ್ಟುಕೊಳ್ಳುತ್ತಾರೆ ಎಂಬ ಮಾತದು. ಆಗ ಮತ್ತೆ ಮತ್ತೆ ಎದ್ದ ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಉತ್ತರ ಇಲ್ಲಿದೆ. ನಾನು ಪಂಡಿತನಲ್ಲ. ಪುಸ್ತಕಗಳಿಗೆ ನಂಬರ್ ಹಾಕಿ ಜೋಡಿಸಿಡುವವನು.

ಪ್ರಚಾರ ಅಂದರೆ ಕೆಟ್ಟದ್ದೇ ಯಾಕಾಗಬೇಕು? ಪೋಲಿಯೊ ಹನಿ ಹಾಕಿಸಿ ಅನ್ನೋದೂ ಪ್ರಚಾರವೇ ಅಲ್ವಾ?

ಹೌದು, ಅದೂ ಪ್ರಚಾರವೇ. ಕನ್ನಡದಲ್ಲಿ ಈ ಪದಕ್ಕೆ ಬೈಗುಳದ ವಾಸನೆ ಇಲ್ಲ. ಓಟು ಕೇಳುವವರು 'ಪ್ರಚಾರಕ್ಕೆ ಹೊರಟೆವು' ಎಂದು ಹೇಳಿಯೇ ಜೀಪು ಹತ್ತುತ್ತಾರೆ. ಪ್ರಾಪಗಾಂಡ ಎಂಬ ಪದವೂ ಹುಟ್ಟಿದಾಗ ಕೆಟ್ಟದ್ದಾಗಿರಲಿಲ್ಲ. 1622ರಲ್ಲಿ ಪೋಪ್ 15ನೇ ಗ್ರೆಗರಿ ಧರ್ಮ ಹರಡಲು ರೋಮಿನಲ್ಲಿ ಒಂದು ಮಂಡಳಿ ಮಾಡಿದರು. ಅದರ ಲ್ಯಾಟಿನ್ ಹೆಸರಿನಲ್ಲಿ ಈ ಪದ ಇತ್ತು. ಮೊದಲ ಮಹಾಯುದ್ಧದಲ್ಲಿ ಸರ್ಕಾರಗಳು ಸುಳ್ಳನ್ನೂ ಸೇರಿಸಿ ಹಂಚಿದ ಮೇಲೆ ಅದರ ಹೆಸರು ಪೂರ್ತಿ ಕೆಟ್ಟಿತು.

ನಮ್ಮ ಜಿಲ್ಲೆಯ ಹೆಸರಾದ ಘೋಷಣೆಯನ್ನೇ ತೆಗೆದುಕೊಳ್ಳಿ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿಕೊಂಡಿತು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತು ಪ್ರಾಸದಿಂದಲೇ ನಾಲಿಗೆಗೆ ಅಂಟಿಕೊಂಡಿತು. ಅದೂ ಪ್ರಚಾರವೇ. ಹಾಗಂತ ಅದನ್ನು ಕೆಟ್ಟದ್ದು ಅನ್ನೋಕೆ ನನಗಂತೂ ಬಾಯಿ ಬರುವುದಿಲ್ಲ.

ನಾನು ನೋಡುವುದು ಇಷ್ಟೇ. ಹೇಳಿದವರು ತಿರುಗಿ ಪ್ರಶ್ನೆ ಕೇಳಲು ಬಿಡುತ್ತಾರಾ? ಪೋಲಿಯೊ ಹನಿ ಹಾಕಲು ಬಂದ ಆಶಾ ಕಾರ್ಯಕರ್ತೆಯನ್ನು ನಿಲ್ಲಿಸಿ ಹತ್ತು ಪ್ರಶ್ನೆ ಕೇಳಬಹುದು. ಅವರು ಉತ್ತರ ಹೇಳುತ್ತಾರೆ, ಗೊತ್ತಿಲ್ಲದಿದ್ದರೆ ಡಾಕ್ಟರನ್ನು ಕೇಳಿ ಹೇಳುತ್ತೇನೆ ಅನ್ನುತ್ತಾರೆ. ಪ್ರಶ್ನೆ ಕೇಳಿದ ಕೂಡಲೇ 'ನೀನು ಯಾರ ಕಡೆಯವನು?' ಎಂಬ ಮಾತು ಬಂದರೆ ಅದು ಬೇರೆ ವ್ಯವಹಾರ.

ಹೆದರಿಕೆಯೇ ಯಾಕೆ ಬೇಕು? ಆಸೆ ತೋರಿಸಿದರೆ ಸಾಲದೆ?

ಆಸೆ ತೋರಿಸಿದವನಿಗೆ ಲೆಕ್ಕ ಕೊಡುವ ದಿನ ಬರುತ್ತದೆ. ರಸ್ತೆ ಮಾಡಿಸುತ್ತೇನೆ ಅಂದವನ ರಸ್ತೆ ಕಾಣಲೇಬೇಕು. ಐದು ಮಳೆಗಾಲ ಕಳೆದರೂ ಕೆಸರೇ ಇದ್ದರೆ ಜನ ಕೇಳುತ್ತಾರೆ. ಹೆದರಿಕೆಗೆ ಈ ಕಷ್ಟ ಇಲ್ಲ. 'ನಾನಿಲ್ಲದಿದ್ದರೆ ಹುಲಿ ಬರುತ್ತಿತ್ತು' ಅಂದವನನ್ನು ಹೇಗೆ ಪರೀಕ್ಷೆ ಮಾಡುತ್ತೀರಿ? ಹುಲಿ ಬರದೇ ಇರುವುದೇ ಅವನ ಸಾಕ್ಷಿ.

2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಮಂಗನ ಕಾಟ ತಡೆಯಲು ತಮ್ಮ ನಾಯಿಗೆ ಹುಲಿಪಟ್ಟೆ ಬಳಿದದ್ದು ಪೇಪರಿನಲ್ಲಿ ಬಂದಿತ್ತು, ನೆನಪಿದೆಯಾ? ಬೆಳೆ ಉಳಿಸಿಕೊಳ್ಳಲು ಅವರು ಮಾಡಿದ್ದು ಜಾಣ ಕೆಲಸ. ನಮ್ಮ ಭಾನುವಾರದ ಗುಂಪಿನಲ್ಲಿ ಅದು ಗಾದೆಯಂತೆ ಉಳಿದುಬಿಟ್ಟಿದೆ. ಯಾರಾದರೂ ಜೋರು ಭಾಷಣ ಮಾಡಿದರೆ ಹಿಂದಿನ ಬೆಂಚಿನಿಂದ 'ಮಳೆ ಬಂದು ಬಣ್ಣ ಹೋಗಲಿ, ನೋಡೋಣ' ಎಂಬ ಮಾತು ಬರುತ್ತದೆ.

ಓದಿದವರೂ ಹೇಗೆ ನಂಬುತ್ತಾರೆ?

ಓದಿಗೂ ಇದಕ್ಕೂ ಅಷ್ಟು ಸಂಬಂಧ ಇಲ್ಲ. ಕೇಳಿದ್ದನ್ನೇ ಮತ್ತೆ ಕೇಳಿದಾಗ ಅದು ನಿಜ ಅನ್ನಿಸುತ್ತದೆ, ಅಷ್ಟೇ. 1977ರಲ್ಲಿ ಅಮೆರಿಕದ ಮೂವರು ಮನಃಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ನೋಡಿದರು. ವಿದ್ಯಾರ್ಥಿಗಳಿಗೆ ನಿಜ, ಸುಳ್ಳು ಎರಡೂ ಬೆರೆತ ಹೇಳಿಕೆಗಳನ್ನು ಕೆಲವು ವಾರಗಳ ಅಂತರದಲ್ಲಿ ಕೇಳಿಸಿದರು. ಮರಳಿ ಮರಳಿ ಕೇಳಿದ ಹೇಳಿಕೆಗಳು ಸುಳ್ಳಾಗಿದ್ದರೂ ಹೆಚ್ಚು ನಿಜವಾಗಿ ಕಂಡವು. ಕಾಲೇಜಿನವರೇ ಹೀಗಾದರೆ ಉಳಿದವರ ಮಾತೇನು.

ಇನ್ನೊಂದು ಕಾರಣ ನಾಚಿಕೆ. ಮದುವೆ ಮನೆ ಪಂಕ್ತಿಯಲ್ಲಿ ಕೂತಿದ್ದೀರಿ. ಪಕ್ಕದ ನಾಲ್ಕೂ ಜನ ಒಂದೇ ಮಾತು ಹೇಳುತ್ತಿದ್ದಾರೆ. 'ಅದು ಹಾಗಲ್ಲ' ಅನ್ನಲು ಎಷ್ಟು ಧೈರ್ಯ ಬೇಕು ನೋಡಿ. 1950ರ ದಶಕದಲ್ಲಿ ಸಾಲಮನ್ ಆಶ್ ಎಂಬ ಮನಃಶಾಸ್ತ್ರಜ್ಞ ಇದನ್ನೇ ಗೆರೆಗಳಿಟ್ಟು ತೋರಿಸಿದ. ಮಾದರಿ ಗೆರೆಯಷ್ಟೇ ಉದ್ದದ ಗೆರೆ ಯಾವುದು ಎಂಬ ಸುಲಭದ ಪ್ರಶ್ನೆ. ಕೋಣೆಯಲ್ಲಿದ್ದ ಉಳಿದವರೆಲ್ಲ ಅವನ ಕಡೆಯವರು, ಬೇಕಂತಲೇ ತಪ್ಪು ಉತ್ತರ ಕೊಡುತ್ತಿದ್ದರು. ಪಾಪ, ನಡುವೆ ಕೂತ ಒಬ್ಬನಿಗೆ ಇದು ಗೊತ್ತಿಲ್ಲ. ಹೀಗೆ ಸಿಕ್ಕಿಬಿದ್ದವರಲ್ಲಿ ನಾಲ್ಕರಲ್ಲಿ ಮೂವರು ಒಂದು ಸಲವಾದರೂ ಗುಂಪಿನ ತಪ್ಪಿಗೇ ತಲೆಯಾಡಿಸಿದರು. ಕಣ್ಣೆದುರಿಗಿನ ಗೆರೆ ಸ್ವಾಮಿ! ಆದರೆ ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕಿತ್ತು, ಹೀಗೆ ತಲೆಯಾಡಿಸುವುದು ತುಂಬಾ ಕಡಿಮೆಯಾಗುತ್ತಿತ್ತು.

ಈ ಎರಡನೆಯ ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮ ತಾಲ್ಲೂಕಿನ ಕಾಗೋಡಿನ ರೈತ ಸತ್ಯಾಗ್ರಹದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಬೆಂಕಿ ಇಲ್ಲದೆ ಹೊಗೆಯಾಡುತ್ತಾ? ಏನೋ ಇರಬೇಕಲ್ವಾ?

ಇದು ನಮ್ಮಲ್ಲಿ ಅತಿ ಹೆಚ್ಚು ಸಲ ಬಂದ ಪ್ರಶ್ನೆ. ಇದಕ್ಕೆ ಎರಡು ಉತ್ತರ ಇವೆ.

ಒಂದು, ಬೆಂಕಿ ಇಲ್ಲದೆಯೂ ಹೊಗೆಯಾಡುತ್ತದೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ಕಾಲ ನಿಮಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ನಮ್ಮವರ ದನಿಯಲ್ಲೇ ಕರೆಯುತ್ತದೆ, ಬರಹ ಓದಿ ತಿರುಗಿ ಹೋಗುತ್ತದೆ ಎಂಬ ಪುಕಾರು. ನಮ್ಮ ಮನೆ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದವನು ನಾನೇ. ಅದನ್ನು ಯಾವ ನಾಯಕನೂ ಹುಟ್ಟಿಸಿರಲಿಲ್ಲ, ಯಾರಿಗೂ ಲಾಭವೂ ಇರಲಿಲ್ಲ. ಆದರೂ ಊರೂರು ಸುತ್ತಿತು. ಸುಮ್ನೆ ಹುಟ್ಟಿದ ಹೆದರಿಕೆಯೇ ಇಷ್ಟು ಓಡುವಾಗ, ದುಡ್ಡು ಹಾಕಿ ಜನ ಇಟ್ಟು ಓಡಿಸಿದರೆ ಹೇಗಿರಬೇಡ?

ಎರಡನೆಯ ಉತ್ತರವೇ ನನಗೆ ಮುಖ್ಯ. ಹೆದರಿಸುವುದರಲ್ಲಿ ಪಳಗಿದವರು ಬರೀ ಸುಳ್ಳು ಹೇಳುವುದಿಲ್ಲ. ಹಳೆಯ ಗಾಯ ಎಲ್ಲಿದೆ ಎಂದು ನೋಡಿ ಅಲ್ಲಿಗೇ ಬೆರಳು ಹಾಕುತ್ತಾರೆ. ಗಾಯ ನಿಜ, ನೋವೂ ನಿಜ. ಅದರ ಮೇಲೆ ಕಟ್ಟಿದ ಕತೆ ಮಾತ್ರ ಸುಳ್ಳು.

ನಮ್ಮ ಮಲೆನಾಡಿನಲ್ಲಿ ಅಂಥ ಗಾಯ ಯಾವುದು?

ನೀರು. ಹಾಗೂ ನೀರಿಗಾಗಿ ಬಿಟ್ಟ ಮನೆ.

ಶರಾವತಿಗೆ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಮುಗಿಯಿತು. ಮಡೆನೂರಿನ ಅಣೆಕಟ್ಟೇ ಅದರ ಹಿನ್ನೀರಿನಲ್ಲಿ ಮುಳುಗಿತು ಅಂದರೆ ಊರುಗಳ ಗತಿ ಏನು ಹೇಳೋದು. ಎದ್ದು ಬಂದವರ ಮೊಮ್ಮಕ್ಕಳು ಇವತ್ತಿಗೂ ತಮ್ಮ ಜಮೀನಿನ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. ನಾಡಿಗೆಲ್ಲ ಕರೆಂಟು ಕೊಟ್ಟ ಹಿನ್ನೀರಿನ ಪಕ್ಕದಲ್ಲೇ ಎಷ್ಟೋ ವರ್ಷ ಚಿಮಣಿ ದೀಪ ಉರಿದಿದೆ.

ಹೀಗಿರುವಾಗ 2013ರಲ್ಲಿ ಕಸ್ತೂರಿರಂಗನ್ ವರದಿ ಬಂತು. ಪಶ್ಚಿಮಘಟ್ಟದ ಶೇ. 37ರಷ್ಟು, ಅಂದರೆ ಸುಮಾರು 60 ಸಾವಿರ ಚದರ ಕಿಲೋಮೀಟರ್ ಜಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಮಾಡಬೇಕು ಎಂದು ಅದು ಹೇಳಿತು. ಕರ್ನಾಟಕದ ಪಾಲು 20 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ವರದಿಯ ಮೇಲೆ ಕೇಂದ್ರ ಸರ್ಕಾರ 2014ರಿಂದ ಕರಡು ಅಧಿಸೂಚನೆಗಳನ್ನು ಹೊರಡಿಸುತ್ತಲೇ ಬಂದಿದೆ. ಒಮ್ಮೆ 2024ರಲ್ಲೂ ಬಂತು. ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ, ಹೊಸ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಜಾಸ್ತಿ ಮಾಲಿನ್ಯದ ಕೈಗಾರಿಕೆ, 20 ಸಾವಿರ ಚದರ ಮೀಟರಿಗಿಂತ ದೊಡ್ಡ ಕಟ್ಟಡ, ಇವಕ್ಕೆ ತಡೆ ಎಂದು ಆ ಕರಡುಗಳಲ್ಲಿ ಇದೆ. ಈಗಿರುವ ಮನೆಯಲ್ಲಿ ಇರಬಹುದು, ರಿಪೇರಿ ಮಾಡಿಸಬಹುದು, ಆಸ್ತಿ ಮಾರಬಹುದು ಎಂದೂ ಇದೆ.

ನಮ್ಮ ಕಡೆ ಮೈಕಿನಲ್ಲಿ ಕೇಳಿದ್ದೇನು? 'ಒಕ್ಕಲೆಬ್ಬಿಸುತ್ತಾರೆ. ಕೊಟ್ಟಿಗೆ ಕಟ್ಟಂಗಿಲ್ಲ. ತೋಟಕ್ಕೆ ಗೊಬ್ಬರ ಹಾಕಂಗಿಲ್ಲ.' ಇದನ್ನು ಒಂದೇ ಪಕ್ಷದವರ ಬಾಯಲ್ಲಿ ಕೇಳಿದ್ದಲ್ಲ. ಬಾವುಟ ಬೇರೆ ಬೇರೆ, ಮಾತು ಒಂದೇ. ಕೊನೆಗೆ 'ನಾನಿರುವವರೆಗೆ ಬಿಡುವುದಿಲ್ಲ' ಎಂಬ ಬಾಲ. ಕರಡಿನ ಪಟ್ಟಿಯಲ್ಲಿ ಮೊದಲಿಗಿದ್ದ ಗಣಿ, ಕ್ವಾರಿ, ಮರಳಿನ ಮಾತು ನಾನು ಕೇಳಿದ ಯಾವ ಭಾಷಣದಲ್ಲೂ ಬರಲಿಲ್ಲ. ತಡೆ ಬಿದ್ದರೆ ನಿಜಕ್ಕೂ ನಷ್ಟ ಯಾರಿಗೆ ಎಂದು ಜನ ಯೋಚಿಸುವ ಹೊತ್ತಿಗೆ ಸಭೆ ಮುಗಿದಿರುತ್ತಿತ್ತು.

ಹಾಗಂತ ಜನರ ಆತಂಕ ಬರೀ ಮೈಕಿನಿಂದ ಬಂದದ್ದು ಎಂದು ನಾನು ಹೇಳುತ್ತಿಲ್ಲ. ಒಂದು ಸಲ ಮುಳುಗಿದವರಿಗೆ ನೀರಿನ ಸದ್ದು ಬೇರೆಯಾಗಿಯೇ ಕೇಳುತ್ತದೆ. ಸರ್ವೆ ನಂಬರ್ ಹಿಡಿದು ಊರೂರಿಗೆ ಬಂದು ತಿಳಿಸಬೇಕಾದವರು ನಮ್ಮೂರಿಗಂತೂ ಬರಲಿಲ್ಲ. ನಾನೇ ಒಂದು ಕಚೇರಿಗೆ ಹೋಗಿ ಕರಡಿನ ಪ್ರತಿ ಕೇಳಿದೆ. 'ಅದೆಲ್ಲ ನಿಮಗ್ಯಾಕೆ' ಎಂದರು. ಕಚೇರಿಯಲ್ಲಿ ಹೀಗಂದರೆ ಜನ ಮೈಕಿನ ಮಾತನ್ನು ನಂಬದೆ ಇನ್ನೇನು ಮಾಡುತ್ತಾರೆ?

ಹಾಗಾದರೆ ನಿಜವಾದ ಎಚ್ಚರಿಕೆಯನ್ನು ಗುರುತಿಸುವುದು ಹೇಗೆ? ಎಲ್ಲದಕ್ಕೂ 'ಸುಮ್ನೆ ಹೆದರಿಸ್ತಾರೆ' ಅಂದರೆ ಅದೂ ಅಪಾಯ ಅಲ್ವಾ?

ತುಂಬಾ ಅಪಾಯ. ನಮ್ಮಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದನ್ನು ಮೊದಲು ಗುರುತಿಸಿದರು. ಪ್ರಪಂಚಕ್ಕೆಲ್ಲ ಆ ಕಾಯಿಲೆ ಕ್ಯಾಸನೂರಿನ ಹೆಸರಿನಲ್ಲೇ ಗೊತ್ತು. ನಮ್ಮ ತಾಲ್ಲೂಕಿನ ಅರಳಗೋಡು ಕಡೆ 2019ರ ಬೇಸಿಗೆಗೆ ಮೊದಲೇ ಸಾವುಗಳಾದವು. ಅದು ನಿಜವಾದ ಹೆದರಿಕೆ, ಹೆದರಲೇಬೇಕು.

ಆ ಎಚ್ಚರಿಕೆಯಲ್ಲಿ ಏನಿತ್ತು ನೋಡಿ. ಉಣುಗು ಕಚ್ಚುವುದರಿಂದ ಬರುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ತಿಳಿಸಿ. ಕಾಡಿಗೆ ದರಕು, ಸೌದೆ ತರಲು ಹೋಗುವವರು ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಜ್ವರ ಬಂದರೆ ಆಸ್ಪತ್ರೆಗೆ ಹೋಗಿ. ಎಲ್ಲಿ, ಯಾವಾಗ, ಹೇಗೆ, ಏನು ಮಾಡಬೇಕು, ಎಲ್ಲವೂ ಇದೆ. 'ಇದು ಇಂಥ ಜನರಿಂದ ಬಂತು, ಅವರನ್ನು ಊರೊಳಗೆ ಬಿಡಬೇಡಿ' ಎಂದು ಇಲ್ಲ.

ಹೆದರಿಸಿ ಲಾಭ ಮಾಡಿಕೊಳ್ಳುವವನ ಮಾತಿನಲ್ಲಿ ಇದು ತಿರುಗುಮುರುಗು. ಮಾಡುವುದಕ್ಕೆ ಕೆಲಸ ಇರುವುದಿಲ್ಲ, ಬೈಯುವುದಕ್ಕೆ ಒಂದು ಜಾತಿಯೋ ಧರ್ಮವೋ ಇರುತ್ತದೆ. ಯಾವಾಗ ಮುಗಿಯುತ್ತದೆ ಎಂದು ಅವನು ಹೇಳುವುದಿಲ್ಲ. ಮುಗಿದರೆ ಅವನ ಕೆಲಸವೂ ಮುಗಿಯುತ್ತದಲ್ಲ.

ಬರೀ ಮಾತಿನಿಂದ ನಿಜಕ್ಕೂ ಅನಾಹುತ ಆಗುತ್ತಾ? ಮಾತು ಮಾತಷ್ಟೇ ಅಲ್ವಾ?

ರ್ವಾಂಡಾ ಆಫ್ರಿಕಾದ ಒಂದು ಸಣ್ಣ ದೇಶ. ನಮ್ಮ ಹಾಗೇ ಗುಡ್ಡಗಾಡು. ಅಲ್ಲಿ 1993ರ ಜುಲೈನಲ್ಲಿ ಆರ್‌ಟಿಎಲ್‌ಎಂ ಎಂಬ, ಹುಟು ಜನಾಂಗದ ಉಗ್ರವಾದಿಗಳ ರೇಡಿಯೊ ಶುರುವಾಯಿತು. ಮೊದಲು ಒಳ್ಳೆ ಹಾಡು, ತಮಾಷೆ, ಬೀದಿ ಭಾಷೆಯ ಹರಟೆ. ಹುಡುಗರೆಲ್ಲ ಅದಕ್ಕೆ ಅಂಟಿಕೊಂಡರು. ನಡುನಡುವೆ ಟುಟ್ಸಿ ಜನಾಂಗದವರನ್ನು ಜಿರಲೆ ಎಂದು ಕರೆಯುವುದು. 'ಅವರು ನಮ್ಮನ್ನು ಮುಗಿಸಲು ಬರುತ್ತಿದ್ದಾರೆ' ಎಂಬ ಮಾತು ದಿನಾ ಬೇರೆ ಬೇರೆ ರೂಪದಲ್ಲಿ ಬರುತ್ತಿತ್ತು. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನ ಸತ್ತರು. ಸಾಮಾನ್ಯವಾಗಿ ಹೇಳುವ ಲೆಕ್ಕ 8 ಲಕ್ಷ. ಕೊಂದವರಲ್ಲಿ ಪಕ್ಕದ ಮನೆಯವರೇ ಎಷ್ಟೋ ಜನ. ಯಾರು ಎಲ್ಲಿ ಅಡಗಿದ್ದಾರೆ ಎಂದು ಹೆಸರು ಹಿಡಿದು ರೇಡಿಯೊದಲ್ಲೇ ಹೇಳಿದ್ದೂ ಉಂಟು. 2003ರಲ್ಲಿ ವಿಶ್ವಸಂಸ್ಥೆಯ ನ್ಯಾಯಮಂಡಳಿ ಆ ರೇಡಿಯೊದ ಇಬ್ಬರಿಗೂ ಒಂದು ಪತ್ರಿಕೆಯ ಸಂಪಾದಕನಿಗೂ ಶಿಕ್ಷೆ ಕೊಟ್ಟಿತು.

ಮನುಷ್ಯರಿಗೆ ಹುಳದ ಹೆಸರು ಇಡುವುದು ಸುಮ್ನೆ ಬೈಗುಳವಲ್ಲ. ಜಿರಲೆ ಕೊಂದರೆ ಯಾರಿಗೂ ಪಾಪ ಅನ್ನಿಸುವುದಿಲ್ಲ, ಹೆಸರಿಡುವುದೇ ಅದಕ್ಕೆ. ನಮ್ಮ ಗುಂಪುಗಳಲ್ಲಿ ಬರುವ ಮೆಸೇಜುಗಳಲ್ಲಿ ಯಾರನ್ನಾದರೂ ಹಾವು, ಹುಳ, ಕ್ರಿಮಿ ಎಂದು ಕರೆದದ್ದು ಕಂಡರೆ ನನಗೆ ರ್ವಾಂಡಾ ನೆನಪಾಗುತ್ತದೆ. ಹಾಗೆ ಬರೆದವರು ಯಾವ ಪಕ್ಷದವರಾದರೂ ಅಷ್ಟೇ.

ಹಿಟ್ಲರ್ ಕತೆ ಎಲ್ಲರಿಗೂ ಗೊತ್ತು. ಅದರಲ್ಲಿ ಹೊಸದೇನು?

ಹೊಸದಿಲ್ಲ. ಆದರೆ ತಾರೀಖು ನೋಡಿ. 1933ರ ಜನವರಿ 30ಕ್ಕೆ ಆತ ಚಾನ್ಸಲರ್ ಆದ. ಫೆಬ್ರುವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರನೇ ದಿನವೇ ಜನರ ಮುಖ್ಯ ಹಕ್ಕುಗಳನ್ನು ಅಮಾನತು ಮಾಡುವ ಆಜ್ಞೆ ಹೊರಟಿತು. ಮುಂದಿನ ಆದೇಶದವರೆಗೆ ಎಂದು ಬಂದದ್ದು 1945ರವರೆಗೂ ತೆಗೆಯಲಿಲ್ಲ. 1933ರಲ್ಲೇ 76 ಮಾರ್ಕಿಗೆ ಅಗ್ಗದ ರೇಡಿಯೊ ಬಂತು, ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಮಾತು ಮನೆಮನೆಯ ಅಡುಗೆಕೋಣೆಗೆ ಹೊಕ್ಕಿತು. 1939ರಲ್ಲಿ ಹೊರದೇಶದ ರೇಡಿಯೊ ಕೇಳುವುದೇ ಅಪರಾಧವಾಯಿತು. ಮೊದಲು ಕಿವಿ ಕೊಡಿಸಿದರು, ಆಮೇಲೆ ಬೇರೆ ಕಡೆಗೆ ಹೋಗದ ಹಾಗೆ ಕಿವಿ ಮುಚ್ಚಿಸಿದರು.

ಬಲಪಂಥದವರು ಮಾತ್ರ ಹೀಗೆ ಮಾಡುತ್ತಾರೆ ಎಂದುಕೊಳ್ಳಬೇಡಿ. 1937 ಮತ್ತು 38ರಲ್ಲಿ ಸ್ಟಾಲಿನ್ ಕಾಲದ ರಷ್ಯಾದಲ್ಲಿ 'ಜನರ ಶತ್ರು' ಎಂಬ ಹಣೆಪಟ್ಟಿ ಹಚ್ಚಿ ಆರೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದರು. ಆ ಕೊಲೆಗಳನ್ನು ನಡೆಸಿದ ಪೊಲೀಸ್ ಮುಖ್ಯಸ್ಥ ಯೆಜೊವ್‌ನನ್ನೇ ಕೊನೆಗೆ ಕೊಂದು, ಸ್ಟಾಲಿನ್ ಪಕ್ಕದಲ್ಲಿ ನಿಂತಿದ್ದ ಫೋಟೊದಿಂದಲೂ ಅಳಿಸಿಹಾಕಿದರು. ಆಗ ಕಂಪ್ಯೂಟರ್ ಇರಲಿಲ್ಲ. ಕೈಯಲ್ಲೇ ಮಾಡಿದರು.

ಚುನಾವಣೆ ನಡೆಯುವ ದೇಶದಲ್ಲಿ ಇದೆಲ್ಲ ಆಗಲ್ಲ ಅಲ್ವಾ?

ಆಗಿದೆಯಲ್ಲ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ದೆಹಲಿಯ ಪತ್ರಿಕಾ ಕಚೇರಿಗಳ ಕರೆಂಟು ತೆಗೆದರು. ಆಮೇಲೆ ಅಧಿಕಾರಿಗಳಿಗೆ ತೋರಿಸದೆ ಸುದ್ದಿ ಅಚ್ಚು ಹಾಕುವಂತಿರಲಿಲ್ಲ. ಇಂಡಿಯನ್ ಎಕ್ಸ್‌ಪ್ರೆಸ್ ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಮಾಡಿತು. ಒಂದು ಲಕ್ಷಕ್ಕೂ ಹೆಚ್ಚು ಜನ ವಿಚಾರಣೆ ಇಲ್ಲದೆ ಜೈಲು ಸೇರಿದರು. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಅಸ್ತಮಾದಿಂದ ನರಳಿದರು. ಹೊರಗೆ ಬಂದು ಸ್ವಲ್ಪ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ರೇಡಿಯೊದಲ್ಲಿ ಮಾತ್ರ ಶಿಸ್ತು, ದುಡಿಮೆ, ಟೈಮಿಗೆ ಸರಿಯಾಗಿ ಬರುವ ರೈಲು.

ಇಲ್ಲಿ ಒಂದು ತೊಡಕು ಇದೆ. ನಮ್ಮ ಭಾನುವಾರದ ಗುಂಪಿನಲ್ಲಿ ಇದಕ್ಕೆ ದೊಡ್ಡ ಜಗಳವೇ ಆಯಿತು. 1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಮನೆಗೆ ಕಳಿಸಿತು. ಕರ್ನಾಟಕದಲ್ಲಿ ಅವರ ಪಕ್ಷ 28ರಲ್ಲಿ 26 ಸೀಟು ಗೆದ್ದಿತು. ಮುಂದಿನ ವರ್ಷ ಪಕ್ಕದ ಚಿಕ್ಕಮಗಳೂರಿನವರೇ ಅವರನ್ನು 70 ಸಾವಿರಕ್ಕೂ ಹೆಚ್ಚು ಓಟಿನ ಅಂತರದಲ್ಲಿ ಲೋಕಸಭೆಗೆ ಕಳಿಸಿದರು. ನಮ್ಮ ಜನ ಪ್ರಚಾರಕ್ಕೆ ಮರುಳಾದರಾ? ಹಾಗೆ ಹೇಳಿಬಿಡುವುದು ಸುಲಭ. ಆದರೆ ದೇವರಾಜ ಅರಸು ಅವರ 1974ರ ಭೂಸುಧಾರಣೆಯಿಂದ ಗೇಣಿ ಮಾಡುತ್ತಿದ್ದವರಿಗೆ ಜಮೀನು ಸಿಗುತ್ತಿದ್ದ ಕಾಲ ಅದು. ಬಲವಂತದ ಸಂತಾನಹರಣದ ಕಾಟವೂ ಉತ್ತರದಷ್ಟು ಇಲ್ಲಿ ಇರಲಿಲ್ಲ. ಗೇಣಿದಾರನೊಬ್ಬನಿಗೆ ದೆಹಲಿಯ ಪೇಪರಿನ ಖಾಲಿ ಜಾಗಕ್ಕಿಂತ ತನ್ನ ಗದ್ದೆಯ ಪಹಣಿ ದೊಡ್ಡದಾಗಿ ಕಂಡರೆ ನಾನು ಅವನನ್ನು ದಡ್ಡ ಅನ್ನಲಾರೆ. ಜೈಲಿನಲ್ಲಿದ್ದವರ ಮಕ್ಕಳು ಇದನ್ನು ಒಪ್ಪುವುದಿಲ್ಲ. ಅವರ ಮಾತಿನಲ್ಲೂ ನಿಜ ಇದೆ.

ಹೆದರಿಕೆ ಎಂದಾದರೂ ಮುರಿಯುತ್ತಾ?

ಮುರಿಯುತ್ತದೆ, ಕೆಲವು ಸಲ ತೀರಾ ದಿಢೀರ್ ಅಂತ.

ಕಾಗೋಡಿನ ಕತೆ ನಮಗೆಲ್ಲ ಗೊತ್ತಿರುವುದೇ. ಆದರೂ ಇನ್ನೊಂದು ಸಲ ಕೇಳಿ. ಗದ್ದೆ ಧಣಿಗಳದ್ದು, ಉಳುವವರು ದೀವರು ಎಂಬ ಸಮುದಾಯದವರು. ಗೇಣಿ ಭತ್ತ ಅಳೆಯುವ ಕೊಳಗ ಧಣಿಯ ಮನೆಯದು, ಅದು ಇರಬೇಕಾದ್ದಕ್ಕಿಂತ ದೊಡ್ಡದು. ಕೊಟ್ಟದ್ದಕ್ಕೆ ರಸೀದಿ ಇಲ್ಲ. ಒಬ್ಬೊಬ್ಬ ಗೇಣಿದಾರನಿಗೂ ಕೊಳಗ ದೊಡ್ಡದು ಎಂದು ಗೊತ್ತಿತ್ತು. ಆದರೆ ಒಬ್ಬನೇ ಬಾಯಿ ಬಿಟ್ಟರೆ ಮುಂದಿನ ವರ್ಷ ಗದ್ದೆ ಇನ್ನೊಬ್ಬನ ಪಾಲು. ಹೆದರಿಕೆ ಕೆಲಸ ಮಾಡುವುದು ಹೀಗೆ. ಎಲ್ಲರಿಗೂ ಗೊತ್ತಿರುತ್ತದೆ, ಉಳಿದವರಿಗೂ ಗೊತ್ತಿದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ.

1951ರಲ್ಲಿ ಎಚ್. ಗಣಪತಿಯಪ್ಪನವರು ರೈತರನ್ನು ಒಟ್ಟು ಮಾಡಿದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಗೆಳೆಯರೂ ಬಂದು ಸೇರಿಕೊಂಡರು. ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರು. ತಂಡ ತಂಡವಾಗಿ ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದುಕೊಂಡು ಹೋಗುವುದು, ಮಾರನೇ ದಿನ ಇನ್ನೊಂದು ತಂಡ. ಸಮಾಜವಾದಿ ನಾಯಕ ಲೋಹಿಯಾ ಬಂದು ಸಾಗರದಲ್ಲಿ ಬಂಧನವಾದ ಮೇಲೆ ದೇಶಕ್ಕೆಲ್ಲ ಸುದ್ದಿಯಾಯಿತು. ಆ ಕೂಡಲೇ ಜಮೀನು ಸಿಗಲಿಲ್ಲ. ಕಾನೂನು ಬರಲು ಇನ್ನೂ ಎರಡು ದಶಕ ಬೇಕಾಯಿತು. ಆದರೆ ಮೊದಲ ತಂಡ ಗದ್ದೆಗೆ ಇಳಿದ ದಿನವೇ ಏನೋ ಒಂದು ಮುಗಿದುಹೋಯಿತು. ನಮ್ಮ ಊರಿನ ಅಜ್ಜಯ್ಯ ಒಬ್ಬರು ಹೇಳುತ್ತಿದ್ದರು: 'ಜೈಲು ಅಂದ್ರೆ ಏನೋ ಅನ್ಕೊಂಡಿದ್ವಿ ಮಾರಾಯಾ. ಹೋಗಿ ನೋಡಿದ್ರೆ ಅಲ್ಲೂ ನಮ್ಮೋರೇ ಇದ್ರು.' ಆಶ್ ಎಂಬವನ ಗೆರೆಗಳ ಪರೀಕ್ಷೆ ಅದೇ ದಶಕದ್ದು. ಅಜ್ಜಯ್ಯನಿಗೆ ಆಶ್ ಬೇಕಾಗಲಿಲ್ಲ.

ಇನ್ನೊಂದು ರುಮೇನಿಯಾದ್ದು. 1989ರ ಡಿಸೆಂಬರ್ 21ರಂದು ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಬಾಲ್ಕನಿಯಲ್ಲಿ ನಿಂತು ಭಾಷಣ ಮಾಡುತ್ತಿದ್ದ. ಕೆಳಗೆ ಚಪ್ಪಾಳೆ ತಟ್ಟಲೆಂದೇ ಕರೆತಂದ ಸಾವಿರಾರು ಜನ. ಗುಂಪಿನಲ್ಲಿ ಎಲ್ಲೋ ಕೂಗು ಎದ್ದಿತು. ಟಿವಿಯಲ್ಲಿ ನೇರ ಪ್ರಸಾರ. ಅವನ ಮುಖ ಪೆಚ್ಚಾದದ್ದು ಇಡೀ ದೇಶಕ್ಕೆ ಕಂಡಿತು. ಮಾರನೇ ದಿನ ಹೆಲಿಕಾಪ್ಟರ್ ಹತ್ತಿ ಓಡಿದ. 25ಕ್ಕೆ ಅವನನ್ನೂ ಹೆಂಡತಿಯನ್ನೂ ಗುಂಡಿಟ್ಟು ಕೊಂದರು. 24 ವರ್ಷದ ಆಳ್ವಿಕೆ ನಾಲ್ಕು ದಿನದಲ್ಲಿ ಮುಗಿಯಿತು. ಕೊಂದ ರೀತಿ ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು.

ವಾಟ್ಸಾಪ್ ಬಂದ ಮೇಲೆ ಏನು ಬದಲಾಯಿತು?

ವೇಗ. ಮತ್ತೊಂದು, ಹೇಳಿದವರು ಯಾರು ಎಂಬುದೇ ಮಾಯ. ಭಾಷಣ ಮಾಡಿದವನಿಗೆ ಮುಖ ಇರುತ್ತದೆ, ಫಾರ್ವರ್ಡಿಗೆ ನಿಮ್ಮ ಭಾವನ ಮುಖ ಇರುತ್ತದೆ. ಭಾವನ ಮೇಲೆ ಅನುಮಾನ ಪಡೋದು ಹೇಗೆ?

ವಾಟ್ಸಾಪ್ ಇಷ್ಟು ಹರಡುವ ಮೊದಲೇ ನಾವು ಇದನ್ನು ನೋಡಿದ್ದೇವೆ. 2012ರ ಆಗಸ್ಟಿನಲ್ಲಿ ಹಲ್ಲೆ ನಡೆಯುತ್ತದೆ ಎಂಬ ಎಸ್ಸೆಮ್ಮೆಸ್ ಹರಡಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯಿತು. ಸರ್ಕಾರ ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದ ಹಾಗೆ ಕೆಲವು ದಿನ ತಡೆ ಹಾಕಿತು. 2018ರಲ್ಲಿ ಮಕ್ಕಳ ಕಳ್ಳರ ಪುಕಾರು ಬಂತು. ಓಡಾಡಿದ ವಿಡಿಯೊಗಳಲ್ಲಿ ಒಂದು ಪಾಕಿಸ್ತಾನದಲ್ಲಿ ಮಕ್ಕಳ ಸುರಕ್ಷತೆಗೆಂದು ಮಾಡಿದ ಜಾಗೃತಿ ಚಿತ್ರದ ತುಂಡು. ಕೊನೆಯಲ್ಲಿ ಮಗುವನ್ನು ತಿರುಗಿ ತಂದು ಬಿಡುವ ಭಾಗವನ್ನು ಕತ್ತರಿಸಿದ್ದರು. ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗುಂಪಿನ ಒಬ್ಬ ಎಂಜಿನಿಯರನ್ನು ಜನ ಹೊಡೆದು ಕೊಂದರು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನು ಐದು ಕಡೆಗೆ ಮಿತಿಗೊಳಿಸುವುದಾಗಿ ಹೇಳಿತು.

ಶಿವಮೊಗ್ಗದಲ್ಲಿ ಗಲಾಟೆಯಾಗಿ ಗಾಂಧಿಬಜಾರ್ ಮುಚ್ಚಿದ ದಿನಗಳಲ್ಲೂ ಹೀಗೇ. ನಮ್ಮೂರಿಗೂ ಪೇಟೆಗೂ ಎಪ್ಪತ್ತು ಕಿಲೋಮೀಟರಿಗೂ ಜಾಸ್ತಿ ದೂರ. ಆದರೂ ಸಂಜೆಯೊಳಗೆ ಇಲ್ಲಿ ಹತ್ತು ಕತೆ ಇರುತ್ತವೆ. ಪೇಟೆಯಲ್ಲಿರುವ ನಮ್ಮ ನೆಂಟರಿಗೆ ಫೋನ್ ಮಾಡಿದರೆ ಅವರು ಒಲೆ ಮೇಲೆ ಸಾರು ಇಟ್ಟು ನಿಂತಿರುತ್ತಾರೆ.

ಮನೆಯ ಹಿರಿಯರೇ ಇಂಥದ್ದನ್ನು ಹಂಚಿದರೆ ಏನು ಮಾಡೋದು?

ಗುಂಪಿನಲ್ಲಿ ಎಲ್ಲರೆದುರು ತಿದ್ದಬೇಡಿ. ನಾನು ಮಾಡಿ ಸೋತಿದ್ದೇನೆ. ಚಿಕ್ಕಪ್ಪ ಮೂರು ತಿಂಗಳು ಮಾತು ಬಿಟ್ಟರು.

ಆಮೇಲೆ ನಾನೂ ಹಳ್ಳಕ್ಕೆ ಬಿದ್ದೆ. ಕೊನೆ ಕೊಯ್ಲಿನ ಸಮಯ. 'ಮುಂದಿನ ತಿಂಗಳಿಂದ ಅಡಿಕೆ ನಿಷೇಧ, ಇದ್ದದ್ದನ್ನು ಈಗಲೇ ಮಾರಿ' ಎಂಬ ಮೆಸೇಜು ಬಂತು. ಅಡಿಕೆ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ, ಅದು ನನಗೆ ಗೊತ್ತಿತ್ತು. ಗಾಯ ಮೊದಲೇ ಇತ್ತು ಅಂದೆನಲ್ಲ, ಅದು ಇದೇ. ಎರಡನ್ನೂ ಜೋಡಿಸಿಕೊಂಡು ನಾಲ್ಕು ಗುಂಪಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಚಿಕ್ಕಪ್ಪನ ಫೋನು. 'ತಮಾ, ಇದನ್ನ ಯಾರು ಹೇಳಿದ್ದು? ಮಂಡಿಯಲ್ಲಿ ಕೇಳ್ದ್ಯಾ?' ಕೇಳಿರಲಿಲ್ಲ. ಕೇಳಿದಾಗ ಮಂಡಿಯವರು ನಕ್ಕರು. ಒಂದಿಬ್ಬರು ಆಗಲೇ ಅವಸರದಲ್ಲಿ ಕಡಿಮೆ ರೇಟಿಗೆ ಮಾರಿಯಾಗಿತ್ತು. ಅವರ ಮುಖ ನೋಡಲು ನನಗೆ ಇವತ್ತಿಗೂ ಕಷ್ಟ.

ಚಿಕ್ಕಪ್ಪನ ಆ ಎರಡು ಪ್ರಶ್ನೆಗಳನ್ನೇ ಈಗ ನಾನೂ ಕೇಳುತ್ತೇನೆ. ಸುಳ್ಳು ಎಂದು ಹೇಳುವುದಿಲ್ಲ. 'ಯಾರು ಹೇಳಿದ್ದು ಚಿಕ್ಕಪ್ಪ?' ಅಷ್ಟೇ. ಕೆಲವು ಸಲ ಅವರೇ ಅಳಿಸುತ್ತಾರೆ. ಕೆಲವು ಸಲ ಇಲ್ಲ.

ಎಐ ಮಾಡಿದ ನಕಲಿ ವಿಡಿಯೊ, ದನಿಗಳನ್ನು ಹೇಗೆ ಗುರುತಿಸೋದು?

ಕಣ್ಣಿನಿಂದ ಗುರುತಿಸುವ ಕಾಲ ಮುಗಿಯುತ್ತಾ ಬಂದಿದೆ. ವಿಡಿಯೊ ಹೇಗಿದೆ ಎಂದು ನೋಡುವ ಬದಲು ಎಲ್ಲಿಂದ ಬಂತು, ಬೇರೆ ಯಾರು ಅದೇ ಸುದ್ದಿ ಕೊಟ್ಟಿದ್ದಾರೆ ಎಂದು ನೋಡಿ. ಫೋಟೊ ಆದರೆ ಗೂಗಲ್ ಲೆನ್ಸಿನಲ್ಲಿ ಹಾಕಿ. ಹಳೆಯದಾದರೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ.

ನಿಮ್ಮ ಭಾನುವಾರದ ಮಾತುಕತೆಗೆ ಹೊರಗಿನವರು ಬರಬಹುದಾ?

ಬನ್ನಿ. ಯಾವ ಪಕ್ಷದವರಾದರೂ ಸರಿ. ಬಾವುಟ, ಶಾಲು ಹೊರಗೆ ಬಿಟ್ಟು ಬರಬೇಕು ಎಂಬುದು ಬಿಟ್ಟರೆ ನಿಯಮ ಇಲ್ಲ. ಮಳೆಗಾಲದಲ್ಲಿ ಕರೆಂಟು ನಂಬಬೇಡಿ, ಟಾರ್ಚ್ ತನ್ನಿ. ಬಸ್ ಸ್ಟಾಪಿನಿಂದ ಗ್ರಂಥಾಲಯಕ್ಕೆ ಬರುವ ಕಾಲುದಾರಿಯಲ್ಲಿ ಉಂಬಳ, ಅಂದರೆ ಜಿಗಣೆ, ಜಾಸ್ತಿ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಕಾಲಿಗೆ ಸುಣ್ಣ ಹಚ್ಚಿಕೊಳ್ಳಿ, ಡಬ್ಬಿ ಬಾಗಿಲ ಹತ್ತಿರವೇ ಇಟ್ಟಿರುತ್ತೇನೆ.